ಮರಳಿಸಲೆಂದೇ ಸಾಕುವುದು

ನಿರ್ಗತಿಕ ಮಗುವಿನ ಮಾತು ಬಂದಾಗ ನಮ್ಮ ಸಮಾಜಕ್ಕೆ ಚೆನ್ನಾಗಿ ಗೊತ್ತಿರುವುದು ಎರಡೇ ದಾರಿ. ಒಂದು ದತ್ತು, ಇನ್ನೊಂದು ದಾನ. ದತ್ತಿನಲ್ಲಿ ಮಗು ಹೆಸರು, ಮನೆತನ, ಆಸ್ತಿಯ ಹಕ್ಕುಗಳ ಸಮೇತ ನಮ್ಮದಾಗುತ್ತದೆ. ಹಳೆಯ ನಂಟು ಕಡಿದುಹೋಗುತ್ತದೆ. ದಾನದಲ್ಲಿ ಹುಟ್ಟುಹಬ್ಬದ ದಿನ ಆಶ್ರಮಕ್ಕೆ ಹೋಗಿ ಊಟ ಹಾಕಿಸಿ ಬರುತ್ತೇವೆ. ಉಂಡ ಮಗುವಿನ ಹೆಸರು ಕೂಡ ನಮಗೆ ತಿಳಿದಿರುವುದಿಲ್ಲ. ಇವೆರಡಕ್ಕೂ ಸೇರದ ಮೂರನೆಯ ದಾರಿಯೊಂದಿದೆ. ಸರ್ಕಾರಿ ಕಡತಗಳಲ್ಲಿ ಅದಕ್ಕೆ ಪೋಷಕತ್ವ ಎನ್ನುತ್ತಾರೆ, ಇಲಾಖೆಯವರು ಮಾತಿನಲ್ಲಿ ಫಾಸ್ಟರ್ ಕೇರ್ ಎನ್ನುತ್ತಾರೆ. ಬೇರೆಯವರ ಮಗುವನ್ನು ನಮ್ಮ ಮನೆಯಲ್ಲಿ, ನಮ್ಮ ಮಕ್ಕಳ ಜೊತೆಯಲ್ಲೇ ಬೆಳೆಸುವುದು. ಆದರೆ ಅದು ಬೇರೆಯವರ ಮಗು ಎಂಬುದನ್ನು ಒಂದು ದಿನವೂ ಮರೆಯದಿರುವುದು. 2024ರಲ್ಲಿ ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ ಪೋಷಕತ್ವದ ಮಾದರಿ ಮಾರ್ಗಸೂಚಿಯನ್ನು ಪರಿಷ್ಕರಿಸಿದಾಗ ಎರಡು ಬದಲಾವಣೆಗಳು ಸುದ್ದಿಯಾದವು. 35ರಿಂದ 60 ವರ್ಷದೊಳಗಿನ ಒಂಟಿ ವ್ಯಕ್ತಿಗಳೂ, ಅಂದರೆ ಮದುವೆಯಾಗದವರು, ವಿಚ್ಛೇದಿತರು, ಸಂಗಾತಿಯನ್ನು ಕಳೆದುಕೊಂಡವರು, ಇನ್ನು ಪೋಷಕರಾಗಬಹುದು. ಸಾಕಿದ ಮಗುವನ್ನು ದತ್ತು ಕೇಳಲು ಐದು ವರ್ಷ ಕಾಯಬೇಕಿದ್ದದ್ದು ಎರಡೇ ವರ್ಷಕ್ಕೆ ಇಳಿದಿದೆ. ಮೊದಲನೆಯದಕ್ಕೆ ಯಾರ ತಕರಾರೂ ಇರಬೇಕಿಲ್ಲ. ಎರಡನೆಯದನ್ನು ಬಹಳ ಜನ ಇನ್ನೂ ಹೆಚ್ಚಿನ ಸಂತೋಷದಿಂದ ಸ್ವಾಗತಿಸಿದರು. ನನ್ನ ಅನುಮಾನ ಇರುವುದು ಆ ಸಂತೋಷದ ಬಗ್ಗೆಯೇ. ಪೋಷಕತ್ವವನ್ನು ದತ್ತಿನ ಹತ್ತಿರದ ದಾರಿ ಎಂದು ಕಾಣತೊಡಗಿದರೆ, ಅದು ಯಾವ ಕೆಲಸಕ್ಕಾಗಿ ಹುಟ್ಟಿತೋ ಆ ಕೆಲಸವೇ ಕೆಡುತ್ತದೆ.

ಆ ಕೆಲಸ ಏನೆಂಬುದನ್ನು 2015ರ ಬಾಲನ್ಯಾಯ ಕಾಯ್ದೆಯ 44ನೇ ಕಲಂ ಸಾಕಷ್ಟು ಸ್ಪಷ್ಟವಾಗಿ ಹೇಳುತ್ತದೆ. ಪಾಲನೆ ಮತ್ತು ರಕ್ಷಣೆ ಬೇಕಿರುವ ಮಗುವನ್ನು ಅಲ್ಪಾವಧಿಗೋ ದೀರ್ಘಾವಧಿಗೋ ಒಂದು ಕುಟುಂಬಕ್ಕೆ ಒಪ್ಪಿಸುವ ಅಧಿಕಾರ ಮಕ್ಕಳ ಕಲ್ಯಾಣ ಸಮಿತಿಯದು. ಕುಟುಂಬದ ಸಾಮರ್ಥ್ಯ, ಉದ್ದೇಶ, ಮಕ್ಕಳನ್ನು ನೋಡಿಕೊಂಡ ಅನುಭವ ನೋಡಿ ಆರಿಸಬೇಕು. ಒಡಹುಟ್ಟಿದವರನ್ನು ಆದಷ್ಟೂ ಒಂದೇ ಮನೆಯಲ್ಲಿಡಬೇಕು. ಊಟ, ಓದು, ಆರೋಗ್ಯದ ಹೊಣೆ ಪೋಷಕ ಕುಟುಂಬದ್ದು, ಅದಕ್ಕೆ ತಿಂಗಳ ನೆರವು ಸರ್ಕಾರದ್ದು. ಹೆತ್ತವರು ಸದ್ಯಕ್ಕೆ ಅಸಮರ್ಥರೆಂಬ ಕಾರಣಕ್ಕೆ ಮಗುವನ್ನು ಬೇರೆ ಮನೆಗೆ ಕಳಿಸಿದ್ದರೆ, ಮಗುವಿಗೆ ಕೆಡುಕಾಗುತ್ತದೆಂದು ಸಮಿತಿಗೆ ಅನ್ನಿಸದ ಹೊರತು ಅವರು ಆಗಾಗ ಬಂದು ನೋಡಬಹುದು. ಅವರು ಮತ್ತೆ ಸಮರ್ಥರಾದರೆಂದು ಸಮಿತಿಗೆ ಮನವರಿಕೆಯಾದ ಮೇಲೆ ಮಗು ಅವರ ಮನೆಗೆ ಮರಳಬಹುದು. ಅದೇ ಕಲಂ ಇನ್ನೊಂದು ಮಾತನ್ನೂ ಸೇರಿಸಿದೆ: ದತ್ತು ಕೊಡಬಹುದೆಂದು ಸಮಿತಿ ಭಾವಿಸಿದ ಮಗುವನ್ನು ದೀರ್ಘಾವಧಿ ಪೋಷಕತ್ವಕ್ಕೆ ಕೊಡುವಂತಿಲ್ಲ. ಕಾಯ್ದೆ ಬರೆದವರು ಎರಡು ದಾರಿಗಳನ್ನೂ ಬೇಕೆಂದೇ ಬೇರೆಯಾಗಿಟ್ಟಿದ್ದಾರೆ. ಮನೆ ಬೇಕಿರುವ, ಆದರೆ ಹೆತ್ತವರನ್ನು ಕಳೆದುಕೊಳ್ಳಬೇಕಿಲ್ಲದ ಮಗು ಪೋಷಕತ್ವಕ್ಕೆ. ಹೆತ್ತವರ ಜಾಗವೇ ಖಾಲಿಯಾಗಿರುವ ಮಗು ದತ್ತಿಗೆ.

ಪೋಷಕರಾಗಲು ಮುಂದೆ ಬಂದವರ ಎದುರಿಗೆ ಏನೇನು ಬರುತ್ತದೆ ಎಂಬುದನ್ನು ನೋಡಿದರೆ ಈ ವ್ಯತ್ಯಾಸ ಇನ್ನಷ್ಟು ತಿಳಿಯಾಗುತ್ತದೆ. ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಅರ್ಜಿ ಹಾಕಬೇಕು. ಸಮಾಜ ಕಾರ್ಯಕರ್ತರು ಮನೆಗೆ ಬಂದು ವರದಿ ಬರೆಯುತ್ತಾರೆ: ಎಷ್ಟು ಕೋಣೆ, ಎಷ್ಟು ಆದಾಯ, ಯಾರಿಗೆ ಯಾವ ಕಾಯಿಲೆ, ಯಾರ ಮೇಲಾದರೂ ಕ್ರಿಮಿನಲ್ ಪ್ರಕರಣ ಇದೆಯೇ. ಮನೆಯಲ್ಲಿರುವ ಅಜ್ಜಿ, ಹೈಸ್ಕೂಲಿಗೆ ಹೋಗುವ ಮಗಳು ಎಲ್ಲರನ್ನೂ ಮಾತಾಡಿಸುತ್ತಾರೆ, ಏಕೆಂದರೆ ಬರುವ ಮಗು ಬದುಕಬೇಕಾದ್ದು ಅರ್ಜಿದಾರರ ಜೊತೆಗಷ್ಟೇ ಅಲ್ಲ, ಅವರೆಲ್ಲರ ಜೊತೆ. ಮಗುವಿನ ಒಪ್ಪಿಗೆಯನ್ನೂ ಕೇಳಬೇಕು. ಇಷ್ಟೆಲ್ಲ ಮುಗಿದು ಸಮಿತಿ ಆದೇಶ ಕೊಟ್ಟ ಮೇಲೆ ನಿಜವಾದ ಕೆಲಸ ಶುರುವಾಗುತ್ತದೆ. ಬಂದ ಮಗುವಿಗೆ ಎಂಟೋ ಹತ್ತೋ ವರ್ಷ. ಅದಕ್ಕೆ ತನ್ನದೇ ಊಟದ ರುಚಿ, ತನ್ನದೇ ದೇವರು, ತನ್ನದೇ ಊರಿನ ಕನ್ನಡ ಇರುತ್ತದೆ. ಹಾಸಿಗೆ ಒದ್ದೆ ಮಾಡಬಹುದು, ದಿಂಬಿನ ಕೆಳಗೆ ಚಪಾತಿ ಬಚ್ಚಿಡಬಹುದು, ಶಾಲೆಯಲ್ಲಿ ಎರಡು ತರಗತಿ ಹಿಂದಿರಬಹುದು. ಇವನ್ನೆಲ್ಲ ಒಳ್ಳೆಯ ತಾಯ್ತಂದೆಯರು ನಿಭಾಯಿಸಬಲ್ಲರು. ಪೋಷಕರಿಗೆ ಇದರ ಮೇಲೆ ಇನ್ನೂ ಒಂದು ಕೆಲಸವಿದೆ, ಅದು ಮಾಮೂಲಿ ತಾಯ್ತಂದೆಯರಿಗೆ ಇಲ್ಲದ್ದು. ಮಗುವಿನ ಹೆಸರನ್ನೂ ಧರ್ಮವನ್ನೂ ಹಾಗೆಯೇ ಉಳಿಸಬೇಕು. ಹೆತ್ತವಳು ನೋಡಲು ಬರುವ ದಿನ ತಲೆ ಬಾಚಿ ಸಿದ್ಧಮಾಡಬೇಕು. ಅವಳು ಬರುತ್ತೇನೆಂದು ಹೇಳಿ ಬಾರದೇ ಹೋದ ದಿನ, ಅವಳ ಬಗ್ಗೆ ಒಂದು ಕೆಟ್ಟ ಮಾತಾಡದೆ ಮಗುವನ್ನು ಸಮಾಧಾನಪಡಿಸಬೇಕು. ನನ್ನ ಲೆಕ್ಕದಲ್ಲಿ ಇಡೀ ಹೊಣೆಯ ಅತಿ ಕಷ್ಟದ ಭಾಗ ಇದು. ಅತಿ ಮುಖ್ಯವಾದದ್ದೂ ಇದೇ.

ಇದು ಬರೀ ಆದರ್ಶದ ಮಾತು ಎನ್ನುವವರು ಜೇಮ್ಸ್ ಮತ್ತು ಜಾಯ್ಸ್ ರಾಬರ್ಟ್‌ಸನ್ ದಂಪತಿ 1960ರ ದಶಕದ ಕೊನೆಯಲ್ಲಿ ಲಂಡನ್ನಿನಲ್ಲಿ ಮಾಡಿದ ಕೆಲಸವನ್ನು ಗಮನಿಸಬೇಕು. ತಾಯಿ ಆಸ್ಪತ್ರೆ ಸೇರಿದಾಗ ಕೆಲವು ದಿನಗಳ ಮಟ್ಟಿಗೆ ಅಗಲಿರಬೇಕಾದ ಪುಟ್ಟ ಮಕ್ಕಳನ್ನು ಅವರು ಚಿತ್ರೀಕರಿಸಿದರು. 17 ತಿಂಗಳ ಜಾನ್ ಎಂಬ ಮಗು ಒಂಬತ್ತು ದಿನ ಶಿಶುಪಾಲನಾ ಗೃಹದಲ್ಲಿತ್ತು. ಅಲ್ಲಿನ ದಾದಿಯರು ಕೆಟ್ಟವರೇನಲ್ಲ. ಆದರೆ ಪಾಳಿಯಂತೆ ಬದಲಾಗುತ್ತಿದ್ದರು, ಯಾರೂ ಅವನಿಗೆ ಸೇರಿದವರಾಗಲಿಲ್ಲ. ಮೊದಲು ಅತ್ತ, ಆಮೇಲೆ ಊಟ ಬಿಟ್ಟ, ಕೊನೆಗೆ ಮಂಕಾಗಿ ಕೂತ. ತಾಯಿ ಕರೆದೊಯ್ಯಲು ಬಂದಾಗ ಅವಳಿಂದಲೇ ಮುಖ ತಿರುಗಿಸಿದ. ಬೇರೆ ನಾಲ್ಕು ಮಕ್ಕಳನ್ನು ಜಾಯ್ಸ್ ತಮ್ಮ ಮನೆಯಲ್ಲೇ ಇಟ್ಟುಕೊಂಡು ನೋಡಿಕೊಂಡರು. ಅಗಲುವ ಮೊದಲೇ ಮಕ್ಕಳಿಗೆ ಆ ಮನೆಯ ಪರಿಚಯ ಮಾಡಿಸಿದರು, ತಾಯಿಯ ಫೋಟೊ ಕಣ್ಣಿಗೆ ಬೀಳುವಂತೆ ಇಟ್ಟರು, ತಾಯಿಯ ಮಾತನ್ನು ಆಗಾಗ ತೆಗೆದರು, ತಂದೆಯರು ಬಂದು ಹೋಗುವಂತೆ ನೋಡಿಕೊಂಡರು. ಈ ಮಕ್ಕಳೂ ಬೇಸರಪಟ್ಟರು, ರೇಗಿದರು. ಆದರೆ ಜಾನ್‌ನಂತೆ ಕುಸಿಯಲಿಲ್ಲ, ಮರಳಿ ತಾಯಿಯ ಮಡಿಲಿಗೆ ಹೊಂದಿಕೊಂಡರು. ಐದೇ ಮಕ್ಕಳು, ಅದೂ ಕೆಲವೇ ದಿನ. ಇದನ್ನು ಪ್ರಮೇಯವೆಂದು ಸಾಧಿಸಲು ಹೊರಟರೆ ತಪ್ಪಾಗುತ್ತದೆ. ಆದರೂ ಒಂದು ವಿಷಯ ಅಲ್ಲಿ ಎದ್ದು ಕಾಣುತ್ತದೆ. ಸಾಕಿದವಳು ಕೊಟ್ಟ ಅಕ್ಕರೆ, ಹೆತ್ತವಳ ನೆನಪನ್ನು ಅವಳು ಕಾಪಾಡಿದ ರೀತಿ, ಇವೆರಡೂ ಕೂಡಿಯೇ ಮಗುವನ್ನು ಉಳಿಸಿದವು. ಹೆತ್ತವಳನ್ನು ಒರೆಸಿಹಾಕಿ ಆ ಜಾಗದಲ್ಲಿ ಕೂರಬೇಕೆನ್ನುವ ಆಸೆ ಇದ್ದಿದ್ದರೆ ಜಾಯ್ಸ್ ಆ ಫೋಟೊಗಳನ್ನು ಒಳಗಿಡುತ್ತಿದ್ದರು.

ಇಲ್ಲಿ ಮೊದಲ ಆಕ್ಷೇಪ ಬರುತ್ತದೆ: ನಮ್ಮಲ್ಲಿ ಒಳ್ಳೆಯ ಹಾಸ್ಟೆಲುಗಳಿರುವಾಗ ಅಪರಿಚಿತರ ಮನೆ ಯಾಕೆ? ಕರ್ನಾಟಕದಲ್ಲಿ ಈ ಪ್ರಶ್ನೆಗೆ ತೂಕ ಹೆಚ್ಚು. ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಸಾವಿರಾರು ಮಕ್ಕಳು ಉಂಡು ಓದುತ್ತಾರೆ. ಇಪ್ಪತ್ತನೆಯ ಶತಮಾನದ ಆರಂಭದಿಂದ ಒಂದೊಂದು ಸಮುದಾಯವೂ ಕಟ್ಟಿದ ಉಚಿತ ವಿದ್ಯಾರ್ಥಿನಿಲಯಗಳು ಈ ನಾಡಿನ ಮಧ್ಯಮವರ್ಗವನ್ನು ರೂಪಿಸಿವೆ ಎಂದರೆ ಉತ್ಪ್ರೇಕ್ಷೆಯಲ್ಲ. ಬಡ ಮಗುವಿನ ಪ್ರಶ್ನೆಗೆ ಕನ್ನಡಿಗರು ಕೊಟ್ಟ ಉತ್ತರವೇ ಹಾಸ್ಟೆಲ್. ಆದರೆ ಆ ಹುಡುಗರ ಹಿಂದೆ ಬಹುಮಟ್ಟಿಗೆ ಒಂದು ಮನೆ ಇತ್ತು. ದಸರೆಗೋ ಬೇಸಿಗೆಗೋ ಬಸ್ಸು ಹತ್ತಿ ಹೋಗಲು ಒಂದು ಊರಿತ್ತು. ಮನೆಯೇ ಇಲ್ಲದೆ, ಬೇರೆ ಮಕ್ಕಳು ರಜೆಗೆ ಹೊರಟಾಗ ಉಳಿದುಬಿಡುವ ಮಗುವಿನ ಕಥೆ ಬೇರೆ. ಈ ವ್ಯತ್ಯಾಸವನ್ನು ಅಳೆದು ನೋಡಿದ್ದು ಬುಕಾರೆಸ್ಟಿನ ಅಧ್ಯಯನ. ಸರ್ವಾಧಿಕಾರಿ ಚೌಷೆಸ್ಕು ಪತನದ ನಂತರವೂ ರುಮೇನಿಯಾದ ಅನಾಥಾಲಯಗಳು ತುಂಬಿದ್ದವು. ಚಾರ್ಲ್ಸ್ ನೆಲ್ಸನ್, ನೇಥನ್ ಫಾಕ್ಸ್, ಚಾರ್ಲ್ಸ್ ಜೀನಾ ಅವರ ತಂಡ ಆರು ಸಂಸ್ಥೆಗಳ 136 ಶಿಶುಗಳನ್ನು ಆರಿಸಿ, ಅರ್ಧದಷ್ಟು ಮಕ್ಕಳನ್ನು ಚೀಟಿ ಎತ್ತಿದಂತೆ ಪೋಷಕ ಕುಟುಂಬಗಳಿಗೆ ಕಳಿಸಿತು. ನಾಲ್ಕೂವರೆ ವರ್ಷ ತುಂಬುವ ಹೊತ್ತಿಗೆ ಸಂಸ್ಥೆಗಳಲ್ಲಿ ಉಳಿದವರ ಸರಾಸರಿ ಬುದ್ಧ್ಯಂಕ 73, ಮನೆಗಳಿಗೆ ಹೋದವರದು 81, ಹುಟ್ಟಿದ ಮನೆಯಲ್ಲೇ ಬೆಳೆದವರದು 109 ಇತ್ತು. ಎರಡು ವರ್ಷ ತುಂಬುವ ಮೊದಲೇ ಮನೆ ಸೇರಿದವರಿಗೆ ಲಾಭ ಹೆಚ್ಚು. ಇದು ಎಳೆಯ ಕೂಸುಗಳ ಲೆಕ್ಕ. ನಮ್ಮಲ್ಲಿ ಪೋಷಕತ್ವಕ್ಕೆ ಬರುವ ಮಕ್ಕಳು ಹೆಚ್ಚಾಗಿ ಆರು ದಾಟಿದವರು. ಹಾಗಾಗಿ ಆ ಅಂಕಿಗಳನ್ನು ಹಾಗೆಯೇ ಎತ್ತಿ ತಂದು ಇಲ್ಲಿ ನೆಡಲಾಗದು. ಹಾಗೆಂದು ಮೂರನೆಯ ಅಂಕಿಯನ್ನು ಓದದೆ ಬಿಡಬಾರದು. ಪೋಷಕರ ಮನೆ ಸಂಸ್ಥೆಗಿಂತ ಮೇಲು, ನಿಜ. ಅವೆರಡಕ್ಕಿಂತಲೂ ಹುಟ್ಟಿದ ಮನೆಯಲ್ಲಿ ಬೆಳೆದ ಮಕ್ಕಳು ಬಹಳ ಮುಂದಿದ್ದರು.

ಹಾಗಾದರೆ ಆ ತಿಂಗಳ ನೆರವನ್ನು ಹೆತ್ತವರಿಗೇ ಕೊಟ್ಟುಬಿಡಬಾರದೇಕೆ? ಪೋಷಕತ್ವದ ಪರವಾಗಿ ಮಾತಾಡುವವರು ಎದುರಿಸಬೇಕಾದ ಅತ್ಯಂತ ಗಟ್ಟಿ ಪ್ರಶ್ನೆ ಇದು. ಉತ್ತರ ಒಂದೇ: ಕೊಡಲೇಬೇಕು, ಮೊದಲು ಅದನ್ನೇ ಮಾಡಬೇಕು. ದೇಶದ ಮಕ್ಕಳ ಪಾಲನಾ ಸಂಸ್ಥೆಗಳ ಸಮೀಕ್ಷೆಯ ವರದಿ 2018ರಲ್ಲಿ ಹೊರಬಂದಾಗ 9,589 ಸಂಸ್ಥೆಗಳಲ್ಲಿ ಮೂರೂವರೆ ಲಕ್ಷಕ್ಕೂ ಹೆಚ್ಚು ಮಕ್ಕಳಿದ್ದದ್ದು ತಿಳಿಯಿತು. ಅವರಲ್ಲಿ ಅನಾಥರಿಗಿಂತ, ತಂದೆಯೋ ತಾಯಿಯೋ ಒಬ್ಬರಿರುವ ಮಕ್ಕಳ ಸಂಖ್ಯೆಯೇ ದೊಡ್ಡದು. ಗಂಡ ಸತ್ತು ಗಾರೆ ಕೆಲಸಕ್ಕೆ ಹೋಗುವ ಹೆಂಗಸು ಮಗುವನ್ನು ಬಾಲಮಂದಿರಕ್ಕೆ ಬಿಡುವುದು ಪ್ರೀತಿ ಇಲ್ಲದೆ ಅಲ್ಲ, ಹೊತ್ತು ಮುಳುಗುವವರೆಗೆ ನೋಡಿಕೊಳ್ಳುವವರಿಲ್ಲದೆ. ಕೇಂದ್ರದ ಮಿಷನ್ ವಾತ್ಸಲ್ಯ ಯೋಜನೆಯಡಿ ಪ್ರಾಯೋಜಕತ್ವದ ಹೆಸರಿನಲ್ಲಿ ಇಂಥ ಮನೆಗಳಿಗೆ ಒಂದು ಮಗುವಿಗೆ ತಿಂಗಳಿಗೆ 4,000 ರೂಪಾಯಿ ಕೊಡುವ ಏರ್ಪಾಡಿದೆ. ಪೋಷಕ ಕುಟುಂಬಕ್ಕೂ ಅಷ್ಟೇ ಹಣ. ಬಡತನವೊಂದೇ ಕಾರಣವಾದಲ್ಲಿ ಮಗುವನ್ನು ಬೇರೆ ಮನೆಗೆ ಸಾಗಿಸಿ ಅಲ್ಲಿ 4,000 ಕೊಡುವುದು ಅನ್ಯಾಯವೇ ಸರಿ. ಆದರೆ ಎಲ್ಲ ಕಷ್ಟವೂ ದುಡ್ಡಿನದಲ್ಲ. ತಾಯಿ ತೀವ್ರ ಮಾನಸಿಕ ಕಾಯಿಲೆಯಲ್ಲಿರುವ, ತಂದೆ ಜೈಲಿನಲ್ಲಿರುವ, ಕುಡಿತದಿಂದ ಮನೆ ರಣರಂಗವಾಗಿರುವ, ಮನೆಯೊಳಗಿನವರಿಂದಲೇ ಅಪಾಯವಿರುವ ಮಕ್ಕಳಿದ್ದಾರೆ. ಕಾಯಿಲೆ ವಾಸಿಯಾಗಬಹುದು, ಶಿಕ್ಷೆ ಮುಗಿಯಬಹುದು, ಅಪಾಯ ಮಾಡಿದವನು ಮನೆಯಿಂದ ಹೊರಬೀಳಬಹುದು. ಅಲ್ಲಿಯವರೆಗೆ ಮಗುವಿಗೆ ಒಂದು ಮನೆ ಬೇಕು. ಪೋಷಕತ್ವದ ನ್ಯಾಯವಾದ ಜಾಗ ಇಷ್ಟೇ, ಆದರೆ ಅದು ಚಿಕ್ಕ ಜಾಗವೇನಲ್ಲ.

ಎರಡು ವರ್ಷಕ್ಕೆ ದತ್ತು ಎಂಬ ಬದಲಾವಣೆಯನ್ನು ಈ ಜಾಗದಲ್ಲಿ ನಿಂತು ನೋಡಿ. ದೇಶದಲ್ಲಿ ವರ್ಷಕ್ಕೆ ಸುಮಾರು 4,000 ಮಕ್ಕಳಷ್ಟೇ ಕಾನೂನಿನ ಮೂಲಕ ದತ್ತು ಹೋಗುತ್ತಾರೆ. ಹೆಸರು ನೋಂದಾಯಿಸಿ ಕಾಯುತ್ತಿರುವ ಅರ್ಜಿದಾರರು 30,000ಕ್ಕೂ ಹೆಚ್ಚು. ಮೂರ‍್ನಾಲ್ಕು ವರ್ಷ ಕಾಯುವುದು ಮಾಮೂಲು. ಇಷ್ಟು ಉದ್ದದ ಸಾಲಿನ ಪಕ್ಕದಲ್ಲೇ, ಎರಡು ವರ್ಷ ಸಾಕಿದರೆ ದತ್ತು ಕೇಳಬಹುದು ಎಂಬ ಫಲಕ ನೇತುಹಾಕಿದರೆ ಯಾರು ಬರುತ್ತಾರೆ? ಮಗು ಬೇಕೇ ಬೇಕೆಂದು ಹಂಬಲಿಸುವವರು. ಆ ಹಂಬಲದಲ್ಲಿ ತಪ್ಪಿಲ್ಲ. ದತ್ತಿಗೆ ಅದೇ ಯೋಗ್ಯತೆ. ಆದರೆ ಹೆತ್ತವಳು ಗುಣವಾಗಿ ಬರುತ್ತಾಳೆ ಎಂಬ ಸುದ್ದಿ ಅವರಿಗೆ ಸಂತೋಷದ ಸುದ್ದಿಯಾಗಲಾರದು. ಭೇಟಿಯ ದಿನ ಮಗುವಿಗೆ ಜ್ವರ ಬಂದರೆ ಅವರು ಅದನ್ನು ಮುಂದೂಡಲು ಕಾರಣವೆಂದು ನೋಡುತ್ತಾರೆ, ಇನ್ನೊಬ್ಬರಾದರೆ ತಾಯಿಯನ್ನೇ ಮನೆಗೆ ಕರೆಸಿಕೊಳ್ಳುತ್ತಾರೆ. ಇದರಲ್ಲಿ ಯಾರ ಕೆಟ್ಟತನವೂ ಇಲ್ಲ. ನಿಯಮವೇ ಇಬ್ಬರ ಹಿತವನ್ನು ಎದುರುಬದುರು ನಿಲ್ಲಿಸಿದೆ. ಅಮೆರಿಕ ಈ ದಾರಿಯಲ್ಲಿ ನಮಗಿಂತ ಮುಂದೆ ನಡೆದಿದೆ. 1997ರ ಒಂದು ಕಾಯ್ದೆ, 22 ತಿಂಗಳುಗಳಲ್ಲಿ 15 ತಿಂಗಳನ್ನು ಮಗು ಪೋಷಕತ್ವದಲ್ಲಿ ಕಳೆದರೆ, ಕೆಲವು ವಿನಾಯಿತಿಗಳ ಹೊರತು, ಹೆತ್ತವರ ಹಕ್ಕು ರದ್ದುಪಡಿಸಲು ರಾಜ್ಯಗಳು ನ್ಯಾಯಾಲಯಕ್ಕೆ ಹೋಗಬೇಕೆಂದು ವಿಧಿಸಿತು. ದತ್ತುಗಳನ್ನು ಹೆಚ್ಚಿಸಿದ ರಾಜ್ಯಗಳಿಗೆ ಪ್ರೋತ್ಸಾಹಧನವನ್ನೂ ಇಟ್ಟಿತು. ಮಕ್ಕಳು ವರ್ಷಗಟ್ಟಲೆ ತೂಗುಯ್ಯಾಲೆಯಲ್ಲಿ ಉಳಿಯಬಾರದೆಂಬ ಕಾಳಜಿ ಅದರ ಹಿಂದಿತ್ತು. ಆದರೆ ಗಡಿಯಾರ ಎಲ್ಲರಿಗೂ ಒಂದೇ ವೇಗದಲ್ಲಿ ಓಡಿದರೂ, ಬಡವರಿಗೆ ಮನೆ ಸಿಗುವುದು, ಚಿಕಿತ್ಸೆ ಸಿಗುವುದು, ಜೈಲಿನಿಂದ ಬಿಡುಗಡೆಯಾಗುವುದು ಆ ವೇಗದಲ್ಲಿ ನಡೆಯಲಿಲ್ಲ. ಬಡ ಕುಟುಂಬಗಳಿಗೆ, ಅದರಲ್ಲೂ ಕಪ್ಪು ಕುಟುಂಬಗಳಿಗೆ, ಹೆಚ್ಚಿನ ಪೆಟ್ಟು ಬಿತ್ತೆಂಬ ಟೀಕೆ ಇಂದಿಗೂ ನಿಂತಿಲ್ಲ.

ನಮ್ಮ ನೆನಪಿಗೆ ಇನ್ನೂ ಹತ್ತಿರದ ಒಂದು ಪ್ರಕರಣವಿದೆ. 2011ರಲ್ಲಿ ನಾರ್ವೆಯಲ್ಲಿದ್ದ ಒಂದು ಭಾರತೀಯ ದಂಪತಿಯ ಇಬ್ಬರು ಪುಟ್ಟ ಮಕ್ಕಳನ್ನು ಅಲ್ಲಿನ ಮಕ್ಕಳ ಕಲ್ಯಾಣ ಇಲಾಖೆ ತೆಗೆದುಕೊಂಡು ಪೋಷಕತ್ವಕ್ಕೆ ಒಪ್ಪಿಸಿತು. ಇಡೀ ದೇಶ ಕೆರಳಿತು, ವಿದೇಶಾಂಗ ಇಲಾಖೆ ಮಧ್ಯಪ್ರವೇಶಿಸಿತು, 2023ರಲ್ಲಿ ಅದರ ಮೇಲೆ ಹಿಂದಿ ಸಿನಿಮಾ ಬಂತು. ತಾಯಿಯಿಂದ ಮಗುವನ್ನು ಕಿತ್ತುಕೊಳ್ಳುವುದೇ ಎಂದು ಟೀವಿಯ ಮುಂದೆ ಕೂತು ಕಣ್ಣೀರು ಹಾಕಿದ ನಾವು, ಕಲಬುರಗಿಯಿಂದ ಬೆಂಗಳೂರಿಗೆ ಗುಳೆ ಬಂದು ಫುಟ್‌ಪಾತಿನಲ್ಲಿ ಮಲಗುವ ತಾಯಿಯ ಮಗುವಿನ ವಿಷಯ ಬಂದಾಗ ‘ಅವಳ ಹತ್ತಿರ ಇದ್ದು ಏನುಪಯೋಗ’ ಎನ್ನುತ್ತೇವೆ. ಅಲ್ಲಿ ವೀಸಾ ಇದ್ದ ತಾಯಿ, ಇಲ್ಲಿ ಪಡಿತರ ಚೀಟಿಯೂ ಇಲ್ಲದ ತಾಯಿ. ಮಗುವಿನ ಮೇಲಿನ ಹಕ್ಕು ತಾಯಿಯ ಅಂತಸ್ತಿಗೆ ತಕ್ಕಂತೆ ಬದಲಾಗುವುದಾದರೆ ಅದನ್ನು ಹಕ್ಕು ಎನ್ನಲಾಗದು.

ಈ ವಾದಕ್ಕೆ ಒಂದು ನ್ಯಾಯವಾದ ಮರುಪ್ರಶ್ನೆ ಇದೆ. ಹೆತ್ತವರು ಬರುವುದೇ ಇಲ್ಲವೆಂದು ಖಚಿತವಾದ ಮಕ್ಕಳ ಗತಿ ಏನು? ದತ್ತು ಕೇಳುವವರಲ್ಲಿ ಹೆಚ್ಚಿನವರಿಗೆ ಬೇಕಿರುವುದು ಎಳೆಯ ಕೂಸು. ಆರು, ಎಂಟು, ಹತ್ತು ವರ್ಷದ ಮಗು, ಅಂಗವೈಕಲ್ಯವಿರುವ ಮಗು, ಅಣ್ಣತಂಗಿ ಜೋಡಿ, ಇವರನ್ನು ಕೇಳುವವರು ಕಡಿಮೆ. ಇಂಥ ಮಗು ಒಂದು ಮನೆಗೆ ಪೋಷಕತ್ವದಲ್ಲಿ ಬಂದು ಬೇರೂರಿದ ಮೇಲೆ, ಎರಡೂ ಕಡೆಯವರು ಬಯಸಿದರೂ ಐದು ವರ್ಷ ಕಾಯಿಸುವುದರಲ್ಲಿ ಅರ್ಥವಿರಲಿಲ್ಲ. ಒಪ್ಪುತ್ತೇನೆ. ಆ ಮಕ್ಕಳ ಮಟ್ಟಿಗೆ ಹೊಸ ನಿಯಮ ವರವೇ. ನನ್ನ ತಕರಾರು ಎರಡು ಬಗೆಯ ಮಕ್ಕಳನ್ನೂ ಎರಡು ಬಗೆಯ ಪೋಷಕರನ್ನೂ ಒಂದೇ ಬಾಗಿಲಿನಿಂದ ಒಳಬಿಡುವುದರ ಬಗ್ಗೆ. ಹೆತ್ತವರ ದಾರಿ ಮುಚ್ಚಿದೆಯೋ ತೆರೆದಿದೆಯೋ ಎಂಬುದನ್ನು ಸಮಿತಿ ಮೊದಲೇ ವಿಚಾರಿಸಿ ತೀರ್ಮಾನಿಸಬೇಕು, ಆ ತೀರ್ಮಾನದಲ್ಲಿ ಪೋಷಕ ಕುಟುಂಬದ ಆಸೆಗೆ ಜಾಗವಿರಬಾರದು. ದಾರಿ ತೆರೆದಿರುವ ಮಗುವನ್ನು, ನನಗೆ ದತ್ತು ಬೇಡ, ಸಾಕಿ ಕಳಿಸುತ್ತೇನೆ ಎಂದು ತಿಳಿದೇ ಬಂದವರಿಗೆ ಮಾತ್ರ ಒಪ್ಪಿಸಬೇಕು. ಮಕ್ಕಳು ದೊಡ್ಡವರಾಗಿ ಕೆಲಸ ಹಿಡಿದು ಹೋದ ಐವತ್ತೈದರ ದಂಪತಿ, ನಿವೃತ್ತಿಗೆ ಹತ್ತಿರವಾದ ಒಂಟಿ ಶಿಕ್ಷಕಿ, ಇಂಥವರು ಈ ಕೆಲಸಕ್ಕೆ ದತ್ತಿನ ಸಾಲಿನಲ್ಲಿ ನಿಂತವರಿಗಿಂತ ಹೆಚ್ಚು ಒಗ್ಗುತ್ತಾರೆ. ಒಂಟಿ ವ್ಯಕ್ತಿಗಳಿಗೆ ಅವಕಾಶ ಕೊಟ್ಟ ಅದೇ ಮಾರ್ಗಸೂಚಿ ಇವರನ್ನು ಹುಡುಕಿಕೊಂಡು ಹೋಗಬೇಕಿತ್ತು.

ಸಾಕಿ ಕಳಿಸುವುದು ಎಂದಾಗ ಹಲವರಿಗೆ ಎದೆ ಝಲ್ಲೆನ್ನುತ್ತದೆ. ಮಗುವಿಗೆ ಎರಡನೆಯ ಸಲ ಅಗಲಿಕೆ, ಸಾಕಿದವರಿಗೆ ಕರುಳು ಕಿತ್ತ ನೋವು. ಇಂಥ ಕ್ರೂರ ಏರ್ಪಾಡು ಯಾಕೆ ಬೇಕು ಎನ್ನುತ್ತಾರೆ. ಯಶೋದೆಯ ಮಾತು ಇಲ್ಲಿ ಬಂದೇ ಬರುತ್ತದೆ. ಆದರೆ ಮಗು ಬದಲಾದದ್ದು ಯಶೋದೆಗೆ ತಿಳಿದಿರಲಿಲ್ಲ. ತನ್ನ ಮಗನೆಂದೇ ಸಾಕಿದಳು, ಆಮೇಲೆ ಕಳೆದುಕೊಂಡಳು. ಪೋಷಕ ತಾಯಿಗೆ ಮೊದಲ ದಿನದಿಂದಲೇ ಗೊತ್ತಿರುತ್ತದೆ. ನೋವು ಅದರಿಂದ ಇಲ್ಲವಾಗುವುದಿಲ್ಲ, ಆದರೆ ಮೋಸದ ನೋವಾಗುವುದಿಲ್ಲ. ಇನ್ನು ಮಗುವಿನ ಅಗಲಿಕೆ. ನಂಟು ಬೆಳೆಸದೆ ಇಟ್ಟರೆ ಅಗಲಿಕೆಯ ನೋವೂ ಇರದು ಎಂದು ಸಂಸ್ಥೆಗಳು ಬಹಳ ಕಾಲ ನಂಬಿದ್ದವು. ಜಾನ್‌ನ ಒಂಬತ್ತು ದಿನ ತೋರಿಸಿದ್ದು ಆ ನಂಬಿಕೆಯ ಫಲವನ್ನೇ. ಒಬ್ಬರನ್ನು ಗಾಢವಾಗಿ ಹಚ್ಚಿಕೊಂಡ ಮಗು ಇನ್ನೊಬ್ಬರನ್ನೂ ಹಚ್ಚಿಕೊಳ್ಳಬಲ್ಲದು. ಕಳಿಸುವ ರೀತಿ ಮಾತ್ರ ನೆಟ್ಟಗಿರಬೇಕು. ಒಂದು ಬೆಳಿಗ್ಗೆ ಜೀಪು ಬಂದು ಕರೆದೊಯ್ಯುವಂತಿರಬಾರದು. ಮೊದಲು ಒಂದು ಹಗಲು, ಆಮೇಲೆ ವಾರದ ಕೊನೆ, ಆಮೇಲೆ ಬೇಸಿಗೆ ರಜೆ, ಹೀಗೆ ಹೆಜ್ಜೆ ಹೆಜ್ಜೆಯಾಗಿ ಆಗಬೇಕು. ಮರಳಿದ ಮೇಲೂ ಸಾಕಿದ ಮನೆಯ ಫೋನ್ ನಂಬರು ಮಗುವಿನ ಹತ್ತಿರ ಇರಬೇಕು. ಸೋದರಮಾವನ ಮನೆಯಲ್ಲಿ ಬೆಳೆದು ಹೈಸ್ಕೂಲು ಮುಗಿಸಿದವರು ನಮ್ಮಲ್ಲಿ ಲೆಕ್ಕವಿಲ್ಲದಷ್ಟು ಜನರಿದ್ದಾರೆ. ಎರಡು ಮನೆಗಳಿಗೂ ಸೇರಿದವರಾಗಿ ಅವರು ಬದುಕಿದ್ದಾರೆ.

ಆದರೆ ಮಾವನ ಮನೆ ಬೇರೆ, ಅಪರಿಚಿತರ ಮನೆ ಬೇರೆ. ನಮ್ಮ ಪರಂಪರೆಯಲ್ಲೇ ಪೋಷಕತ್ವ ಇದೆ ಎಂದು ಹೆಮ್ಮೆಪಡುವವರು ಹೆಚ್ಚಾಗಿ ವಾರಾನ್ನವನ್ನು ನೆನೆಯುತ್ತಾರೆ: ದಿನಕ್ಕೊಂದು ಮನೆಯಲ್ಲಿ ಉಂಡು ಓದಿದ ಬಡ ಹುಡುಗರು, ಪರರ ಮಗನಿಗೆ ಬಡಿಸಿ ಅವನ ಮೇಲೆ ಯಾವ ಹಕ್ಕನ್ನೂ ಹೂಡದ ಗೃಹಿಣಿಯರು. ಹಕ್ಕು ಹೂಡದೆ ಕೊಡುವ ಆ ಗುಣ ಪೋಷಕತ್ವಕ್ಕೆ ಬೇಕಾದದ್ದೇ ಹೌದು. ಆದರೆ ವಾರಾನ್ನದ ಎಲೆ ಬಹುತೇಕ ತನ್ನ ಜಾತಿಯ ಹುಡುಗನಿಗೇ ಬೀಳುತ್ತಿತ್ತು, ಅದನ್ನು ಮುಚ್ಚಿಟ್ಟು ಹೊಗಳುವುದು ಬೇಡ. ಇಂದು ಬಾಲಮಂದಿರದಿಂದ ಬರುವ ಮಗುವಿನ ಬಗ್ಗೆ ಪಕ್ಕದ ಮನೆಯವರು ಕೇಳುವ ಮೊದಲ ಪ್ರಶ್ನೆ ಯಾವುದೆಂದು ಎಲ್ಲರಿಗೂ ಗೊತ್ತು. ಮಗುವಿನ ಭಾಷೆ, ಆಹಾರ, ನಂಬಿಕೆಗೆ ಹತ್ತಿರವಾದ ಮನೆಯನ್ನು ಹುಡುಕುವುದು ಒಳ್ಳೆಯ ನಿಯಮವೇ. ಅದೇ ನಿಯಮ ಜಾತಿಯ ಸೋಸುಬಟ್ಟೆಯಾದರೆ, ಮನೆ ಅತಿ ಹೆಚ್ಚು ಬೇಕಿರುವ ಮಕ್ಕಳಿಗೆ ಅದು ಸಿಗುವುದೇ ಇಲ್ಲ. ಮನೆಯ ವರದಿ ಬರೆಯುವ ಸಮಾಜ ಕಾರ್ಯಕರ್ತರು ಈ ಪ್ರಶ್ನೆಯನ್ನು ಬಾಯಿಬಿಟ್ಟು ಕೇಳುವುದು, ಉತ್ತರವನ್ನು ಬರೆದುಕೊಳ್ಳುವುದು ಲೇಸು.

ದುಡ್ಡಿನ ಆಕ್ಷೇಪ ಉಳಿದಿದೆ. ಸಂಬಳದಂತೆ ಹಣ ಕೊಟ್ಟರೆ ಹಣಕ್ಕಾಗಿ ಬರುವವರು ಬರುತ್ತಾರೆ, ಮಗು ಮುಸುರೆ ತಿಕ್ಕುವ ಆಳಾಗುತ್ತದೆ ಎಂಬ ಭಯ ಹುಸಿಯಲ್ಲ. ಓದಿಸುತ್ತೇವೆಂದು ಹಳ್ಳಿಯಿಂದ ಹುಡುಗಿಯರನ್ನು ಕರೆತಂದು ಕಸಮುಸುರೆಗೆ ಹಚ್ಚಿದ ಮನೆಗಳನ್ನು ನಮ್ಮ ನಗರಗಳು ಕಂಡಿವೆ. ಆದರೆ ಆ ಮನೆಗಳಿಗೆ ಸರ್ಕಾರ ಹಣ ಕೊಟ್ಟಿರಲಿಲ್ಲ, ಅಲ್ಲಿಗೆ ಯಾರೂ ತಪಾಸಣೆಗೂ ಹೋಗಲಿಲ್ಲ. ಶೋಷಣೆ ಹುಟ್ಟಿದ್ದು ಯಾರೂ ನೋಡದಿದ್ದಾಗ. 4,000 ರೂಪಾಯಿ ಯಾರಿಗೂ ಲಾಭದ ವ್ಯಾಪಾರವಲ್ಲ. ಶಾಲೆಯ ಶುಲ್ಕ, ಹಾಲು, ಬಟ್ಟೆ, ಔಷಧಿಗೆ ಸರಿಹೋದರೆ ಪುಣ್ಯ. ಬುಕಾರೆಸ್ಟಿನಲ್ಲಿ ಪೋಷಕ ತಾಯಂದಿರಿಗೆ ಹಣ ಕೊಟ್ಟರು, ಅದರ ಜೊತೆಗೆ ಸಮಾಜ ಕಾರ್ಯಕರ್ತರು ನಿಯಮಿತವಾಗಿ ಮನೆಗಳಿಗೆ ಹೋಗಿ ಬೆಂಬಲಕ್ಕೆ ನಿಂತರು. ಆ ಅಂಕಿಗಳು ಹಾಗೆ ಬಂದವು. ನಮ್ಮ ಕಾಯ್ದೆಯೂ ಸಮಿತಿ ಪ್ರತಿ ತಿಂಗಳು ಪೋಷಕ ಕುಟುಂಬವನ್ನು ತಪಾಸಣೆ ಮಾಡಬೇಕೆನ್ನುತ್ತದೆ. ಅಧ್ಯಕ್ಷರೂ ಸೇರಿ ಸಮಿತಿಯಲ್ಲಿ ಐವರು. ಅವರ ಮುಂದೆ ಬಾಲ್ಯವಿವಾಹದಿಂದ ಬಾಲಕಾರ್ಮಿಕತೆಯವರೆಗೆ ಜಿಲ್ಲೆಯ ಎಲ್ಲ ಪ್ರಕರಣಗಳೂ ಬರುತ್ತವೆ. ಅಸಾಂಸ್ಥಿಕ ಪಾಲನೆಯನ್ನೇ, ಅಂದರೆ ಸಂಸ್ಥೆಗಳ ಹೊರಗಿನ ಪಾಲನೆಯನ್ನೇ, ನೋಡಿಕೊಳ್ಳಲು ಜಿಲ್ಲಾ ಘಟಕದಲ್ಲಿರುವುದು ಒಬ್ಬ ರಕ್ಷಣಾಧಿಕಾರಿಯ ಹುದ್ದೆ. 2011ರ ಜನಗಣತಿಯಲ್ಲೇ ಸುಮಾರು 48 ಲಕ್ಷ ಜನರಿದ್ದ ಬೆಳಗಾವಿ ಜಿಲ್ಲೆಗೂ ಲೆಕ್ಕ ಇದೇ. ಹೀಗಿರುವಾಗ ನೂರು ಪೋಷಕ ಕುಟುಂಬಗಳನ್ನು ಕಟ್ಟುವ ಉತ್ಸಾಹಕ್ಕಿಂತ ಹತ್ತು ಕುಟುಂಬಗಳಿಗೆ ತಿಂಗಳು ತಪ್ಪದೆ ಹೋಗಿ ಬರುವ ಇಬ್ಬರು ಸಮಾಜ ಕಾರ್ಯಕರ್ತರು ಹೆಚ್ಚು ಬೆಲೆಯುಳ್ಳವರು. ಅವರು ನೋಡಬೇಕಾದದ್ದು ಅಡುಗೆಮನೆಯ ಶುಚಿಯನ್ನಷ್ಟೇ ಅಲ್ಲ. ತಾಯಿಯ ಭೇಟಿ ಕಳೆದ ತಿಂಗಳು ನಡೆಯಿತೇ, ನಡೆಯದಿದ್ದರೆ ಯಾಕೆ ಎಂಬುದನ್ನೂ ಕೇಳಬೇಕು. ತಾಯಿಯ ಊರಿನಿಂದ ಬರುವ ಬಸ್ ಖರ್ಚನ್ನು ಯಾರು ಕೊಡುತ್ತಾರೆ ಎಂಬ ಸಣ್ಣ ಪ್ರಶ್ನೆಗೆ ಉತ್ತರವಿಲ್ಲದೆ ಎಷ್ಟೋ ಭೇಟಿಗಳು ನಿಂತುಹೋಗಬಹುದು.

ಪೋಷಕತ್ವವನ್ನು ಅರೆದತ್ತು ಎಂದು ಭಾವಿಸುವ ಗೊಂದಲ ಜನರಲ್ಲಷ್ಟೇ ಇಲ್ಲ, ಕಾಯ್ದೆಯೊಳಗೂ ನುಸುಳಿದೆ. 18 ತುಂಬಿದ ದಿನ ಪೋಷಕತ್ವ ಮುಗಿಯುತ್ತದೆ, ತಿಂಗಳ ನೆರವು ನಿಲ್ಲುತ್ತದೆ. ಬಾಲಮಂದಿರದಲ್ಲಿ ಬೆಳೆದ ಮಗು 18 ದಾಟಿ ಹೊರಬಂದಾಗ ಬದುಕು ಕಟ್ಟಿಕೊಳ್ಳಲು ಹಣಕಾಸಿನ ನೆರವು ಕೊಡಬಹುದೆಂದು 46ನೇ ಕಲಂ ಹೇಳುತ್ತದೆ. ಆದರೆ ಆ ಕಲಂ ಹೆಸರಿಸುವುದು ಪಾಲನಾ ಸಂಸ್ಥೆಯಿಂದ ಹೊರಬರುವ ಮಗುವನ್ನು. ಪೋಷಕರ ಮನೆಯಿಂದ ಹೊರಡುವ ಹುಡುಗ ಹುಡುಗಿಯರ ಉಲ್ಲೇಖ ಅಲ್ಲಿಲ್ಲ. ಅಷ್ಟು ಹೊತ್ತಿಗೆ ಆ ಮನೆಯವರು ತಮ್ಮವರನ್ನಾಗಿ ಮಾಡಿಕೊಂಡಿರುತ್ತಾರೆ, ಇನ್ನು ಸರ್ಕಾರಕ್ಕೇನು ಕೆಲಸ ಎಂಬ ಊಹೆ ಅದರ ಹಿಂದೆ ಇರಬಹುದು. ಮಾಡಿಕೊಂಡಿರಲೂಬಹುದು. ಆದರೆ ಎರಡನೆಯ ಪಿಯುಸಿ ಪರೀಕ್ಷೆ ಬರೆದು, ಹೆತ್ತವರ ಮನೆಗೆ ಮರಳಲಾಗದೆ, ಸಾಕಿದವರಿಗೆ ವಾರಸುದಾರರೂ ಆಗದೆ ನಿಂತ ಹುಡುಗಿಗೆ ಊಹೆಯಿಂದ ಕಾಲೇಜಿನ ಸೀಟು ಸಿಗುವುದಿಲ್ಲ. ಕಾಯ್ದೆಗೆ ಮುಂದಿನ ತಿದ್ದುಪಡಿ ಬಂದಾಗ ಆ ಕಲಮಿಗೆ ಪೋಷಕ ಕುಟುಂಬದಿಂದ ಹೊರಬರುವವರನ್ನೂ ಸೇರಿಸಲು ಅರ್ಧ ವಾಕ್ಯ ಸಾಕು. ಆ ತಿದ್ದುಪಡಿ ಆಗುವವರೆಗೆ ರಾಜ್ಯ ಸರ್ಕಾರ ಕೈಕಟ್ಟಿ ಕೂರಬೇಕಿಲ್ಲ. ತನ್ನದೇ ಹಣದಿಂದ ತಿಂಗಳ ನೆರವನ್ನು 21ರವರೆಗೆ ಮುಂದುವರಿಸಲು ಒಂದು ಆದೇಶ ಹೊರಡಿಸಬಹುದು.